ಪಿಡಿಎಫ್‌ಗೆ ಚೌಡಮ್ಮನ ಕಾವಲು

ಪೂರ್ಣೇಶ ತನ್ನ ಕಾರ್ಡಿನ ಮೇಲೆ ‘ಡಿಜಿಟಲ್ ಸಂಗ್ರಹ ತಜ್ಞ’ ಎಂದು ಅಚ್ಚು ಹಾಕಿಸದೇ ಇದ್ದಿದ್ದರೆ, ಹೊಸನಗರದಲ್ಲಿ ಯಾರದೋ ಪಂಪ್‌ಸೆಟ್ ಸುಟ್ಟರೆ ಅದು ಬರೀ ಪಂಪ್‌ಸೆಟ್ ಸುಟ್ಟ ಸುದ್ದಿಯಾಗಿ ಮುಗಿಯುತ್ತಿತ್ತು. ಹುಲಿಕಲ್ ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಮೆಕ್ಯಾನಿಕ್ಕಿಗೆ ಫೋನು ಹೋಗುತ್ತಿತ್ತೇ ಹೊರತು ದೇವಿಗೆ ಹರಕೆ ಹೋಗುತ್ತಿರಲಿಲ್ಲ. ಸಮವಸ್ತ್ರದಲ್ಲಿದ್ದ ಪೇದೆಯೊಬ್ಬ ಲ್ಯಾಪ್‌ಟಾಪಿನ ಮುಂದೆ ಬೂಟು ಬಿಚ್ಚಿ ನಿಲ್ಲುವ ಪ್ರಸಂಗವಂತೂ ಬರುತ್ತಲೇ ಇರಲಿಲ್ಲ. ಆದರೆ ಕಾರ್ಡು ಅಚ್ಚಾಯಿತು. ಅದೂ ಹೊಳೆಯುವ ಕಾಗದದಲ್ಲಿ.

ಅದಕ್ಕೆ ಮೊದಲು ಅವನು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ಊರವರ ಪಹಣಿ, ಆಧಾರ್, ಮದುವೆ ಕಾಗದ, ವಿಚ್ಛೇದನದ ಕಾಗದ ಎಲ್ಲವನ್ನೂ ಬೆಳಗಿನಿಂದ ಸಂಜೆಯವರೆಗೆ ಗಾಜಿನ ಮೇಲೆ ಕವುಚಿ ಹಾಕುತ್ತಿದ್ದ. ಒಂದನ್ನೂ ಓದುತ್ತಿರಲಿಲ್ಲ. ಓದಲು ನಿಂತರೆ ಕ್ಯೂ ಸರಿಯುವುದಿಲ್ಲ ಎಂಬುದು ಅವನ ವೃತ್ತಿಧರ್ಮ. ಇಷ್ಟು ನಿಷ್ಠೆಯಿಂದ ಅಕ್ಷರಕ್ಕೆ ಬೆನ್ನು ಹಾಕಿದ ಇನ್ನೊಬ್ಬ ಮನುಷ್ಯ ತಾಲೂಕಿನಲ್ಲಿ ಸಿಗುವುದು ಕಷ್ಟ.

ಅಂಥವನ ಕೈಗೆ ಮುಕುಂದಯ್ಯನವರ ಸಂಗ್ರಹ ಬಂತು.

ಮುಕುಂದಯ್ಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ತೀರ್ಥಹಳ್ಳಿಯಿಂದ ತುಮರಿಯವರೆಗೆ ಅವರು ಹತ್ತದ ಅಟ್ಟವಿಲ್ಲ. ಯಕ್ಷಗಾನ ಪ್ರಸಂಗಗಳು, ದನದ ಔಷಧಿಯ ಕಟ್ಟುಗಳು, ಮುಳುಗಡೆಯಾದ ಹಳ್ಳಿಗಳ ಗದ್ದೆ-ಬಾವಿಗಳ ವಿವರ, ಮಿಡಿ ಉಪ್ಪಿನಕಾಯಿಯ ಹತ್ತಾರು ಪಾಠಾಂತರಗಳು, ಹೀಗೆ ಎಲ್ಲವನ್ನೂ ತಂದು ಮನೆಯ ಮಾಳಿಗೆಯಲ್ಲಿ ತುಂಬಿದರು. ಹೋದ ವರ್ಷ ತೀರಿಕೊಂಡರು. ಶಿವಮೊಗ್ಗದ ಒಂದು ಪ್ರತಿಷ್ಠಾನ ಇದನ್ನೆಲ್ಲ ಡಿಜಿಟಲ್ ಮಾಡಿಸಲು ಮುಂದೆ ಬಂತು. ಅದರ ಪರವಾಗಿ ಬಂದ ಚೈತ್ರಾ ಮೇಡಂ ಕೆಲಸವನ್ನು ಪೂರ್ಣೇಶನಿಗೆ ವಹಿಸಿ, ಶರತ್ತನ್ನು ಮೊದಲ ದಿನವೇ ಹೇಳಿದ್ದರು.

“ಮೂರು ತಿಂಗಳು ನೋಡ್ತೀವಿ. ಊರ ಜನ ಇದನ್ನ ಉಪಯೋಗಿಸ್ತಾರೆ ಅಂತಾದ್ರೆ ಮೂಲ ಪ್ರತಿಗಳು ಇಲ್ಲೇ ಇರಲಿ, ಮಾಳಿಗೇಲಿ ಒಂದು ಓದುವ ಕೋಣೆ ಮಾಡೋಣ, ಪೂರ್ಣೇಶ್ ನೋಡ್ಕೊಳ್ಳಲಿ. ಇಲ್ಲಾಂದ್ರೆ ಎಲ್ಲಾ ಪ್ಯಾಕ್ ಮಾಡಿ ಶಿವಮೊಗ್ಗದ ಗೋಡೌನಿಗೆ.”

ಗೋಡೌನು ಎಂಬ ಶಬ್ದ ಕೇಳಿ ಮುಕುಂದಯ್ಯನವರ ಪತ್ನಿ ಯಮುನಮ್ಮ ಸೆರಗು ಬಿಗಿದುಕೊಂಡರು. ಅವರ ಮೈದುನನ ಮಗ ಶಿವರಾಮ ಜೇಬಿನಿಂದ ಟೇಪು ತೆಗೆದು ಮಾಳಿಗೆಯ ಉದ್ದ ಅಳೆಯತೊಡಗಿದ. ಅವನಿಗೆ ಅಲ್ಲೊಂದು ಜಿಮ್ ಹಾಕುವ ಆಸೆ.

“ಎಂತಕ್ಕೆ ಅಳೀತಾ ಇದೀಯ?” ಎಂದರು ಯಮುನಮ್ಮ.

“ಸುಮ್ನೆ ದೊಡ್ಡಮ್ಮ. ಗೊತ್ತಿದ್ರೆ ಒಳ್ಳೇದು ಅಂತ.”

“ಸುಮ್ನೆ ಯಾರೂ ಎಂತದೂ ಅಳೆಯೋದಿಲ್ಲ.”

ಯಮುನಮ್ಮನವರಿಗೆ ಮನುಷ್ಯಕುಲದ ಮೇಲೆ ಇದ್ದ ಅನುಮಾನ ಹಳೆಯದು, ಆಧಾರವುಳ್ಳದ್ದು. ಗಂಡನನ್ನು ನೋಡಲು ಬಂದವರು ಬರುವಾಗ ಖಾಲಿ ಚೀಲ ತರುತ್ತಿದ್ದರು, ಹೋಗುವಾಗ “ಓದಿ ಕೊಡ್ತೀನಿ ಸಾರ್” ಎನ್ನುತ್ತಿದ್ದರು. ಗಂಡ ಕಣ್ಮುಚ್ಚಿದ ತಿಂಗಳೊಳಗೆ ಅವರು ಕಪಾಟಿನ ಮೇಲೆ ಹಳದಿ ತಗಡಿನ ಬೋರ್ಡೊಂದನ್ನು ಹೊಡೆಸಿದ್ದರು: ‘ಇಲ್ಲಿಯ ಸ್ವತ್ತಿಗೆ ಚೌಡಮ್ಮನ ಕಾವಲಿದೆ.’ ಈ ಕಡೆ ಇಂಥ ಬೋರ್ಡು ಬೇಲಿಗೆ, ಪಂಪ್‌ಹೌಸಿಗೆ, ಕಟ್ಟುತ್ತಿರುವ ಮನೆಯ ಸಿಮೆಂಟು ಮೂಟೆಗೆಲ್ಲ ಇರುತ್ತದೆ. ಸಿ.ಸಿ. ಕ್ಯಾಮೆರಾ ಇದ್ದಲ್ಲಿ ಕಳ್ಳ ಟೋಪಿ ಹಾಕಿಕೊಂಡು ಬರುತ್ತಾನೆ; ಈ ಬೋರ್ಡು ಇದ್ದಲ್ಲಿ, ಮುಟ್ಟಿದರೆ ದೇವಿ ಕೇಡು ಮಾಡುತ್ತಾಳೆಂಬ ಹೆದರಿಕೆಗೆ, ಬರುವುದೇ ಇಲ್ಲ. ಗ್ರಂಥಕ್ಕೆ ಹಾಕಿಸಿದ್ದು ಮಾತ್ರ ಯಮುನಮ್ಮನೇ ಮೊದಲು.

“ಪಟ ಹೊಡ್ಕೊ ಪೂರ್ಣೇಶ, ಬೇಡ ಅನ್ನಲ್ಲ,” ಎಂದರು ಅವರು. “ಆದ್ರೆ ಪುಸ್ತಕಕ್ಕೆ ಕಾವಲಿದೆ. ಅದ್ರ ಪಟಕ್ಕೆ ಯಾರು ಕಾವಲು? ಸಾಗರ ಪೇಟೇಲಿ ಕೂತವ ಕೂತಲ್ಲೇ ಎತ್ಕಂಡು ಹೋದ್ರೆ?”

ಜೆರಾಕ್ಸ್ ಅಂಗಡಿಯ ಪೂರ್ಣೇಶನಾಗಿದ್ದರೆ “ಹಂಗೆಲ್ಲ ಏನಾಗಲ್ಲ ಅಮ್ಮ” ಎನ್ನುತ್ತಿದ್ದ. ಆದರೆ ಜೇಬಿನಲ್ಲಿ ಕಾರ್ಡಿತ್ತು.

“ಅದಕ್ಕೆ ವಾಟರ್‌ಮಾರ್ಕ್ ಅಂತ ಉಂಟು ಅಮ್ಮ,” ಎಂದ ತಜ್ಞ. “ಈ ಬೋರ್ಡಿನ ಫೋಟೋವನ್ನೇ ಪ್ರತಿ ಪುಟದ ಹಿಂದೆ ತೆಳ್ಳಗೆ ಕೂರಿಸ್ತೀನಿ.”

“ಬರೀ ಬೋರ್ಡು ಕೂರಿಸಿದ್ರೆ ಆಗ್ತದಾ? ಕಾವಲು ಕಟ್ಟಿಸ್ಬೇಕು.”

ಕಾವಲು ಕಟ್ಟುವವಳು ಹುಲಿಯಮ್ಮ. ಚೌಡಮ್ಮ ಮೈಮೇಲೆ ಬರುವುದು ಅವಳಿಗೇ. ಉಳಿದ ದಿನಗಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಎಲೆ ಅಡಿಕೆ ಮಾರುತ್ತಾಳೆ. ಪೂರ್ಣೇಶ ವಿಷಯ ವಿವರಿಸಿದ. ಅವಳು ಎಲೆಗೆ ನೀರು ಚಿಮುಕಿಸುತ್ತ ಕೇಳಿಸಿಕೊಂಡು, “ಚಕ್ಕುಬಂದಿ ಹೇಳು” ಎಂದಳು. ಯಾವ ಸ್ವತ್ತಿಗೇ ಆಗಲಿ ಕಾವಲು ಕಟ್ಟುವ ಮೊದಲು ನಾಲ್ಕು ದಿಕ್ಕಿನ ಗಡಿ ಹೇಳಬೇಕು. ಎಲ್ಲಿಂದ ಎಲ್ಲಿಯವರೆಗೆ ಕಾಯಬೇಕೆಂದು ದೇವಿಗಾದರೂ ತಿಳಿಯಬೇಡವೆ?

“ಮೂಡಕ್ಕೆ ಎಂತ ಅದೆ?”

“ಅದು ಇಂಟರ್‌ನೆಟ್ಟಲ್ಲಿ ಇರ್ತದೆ ಹುಲಿಯಮ್ಮ.”

“ಆಯ್ತು. ಅದ್ರ ಮೂಡಕ್ಕೆ?”

“ಅಲ್ಲೂ ಇಂಟರ್‌ನೆಟ್ಟೇ.”

“ಪಡುವಕ್ಕೆ?”

“ಅದೇ.”

“ಹಂಗಾರೆ ಬೇಲಿ ಎಲ್ಲಿ ಬರ್ತದೆ?”

“ಬೇಲಿ ಇಲ್ಲ. ಮೊಬೈಲ್ ಇದ್ದಲ್ಲೆಲ್ಲ ಇರ್ತದೆ.”

ಹುಲಿಯಮ್ಮ ಎಲೆಯ ಕಟ್ಟು ಕೆಳಗಿಟ್ಟಳು. “ಬಗರ್‌ಹುಕುಂ ಜಮೀನಿಗೂ ಒಂದು ಗಡಿ ಅಂತ ಇರ್ತದೆ ತಮ್ಮ,” ಎಂದಳು. ಆಮೇಲೆ ನಿಂಬೆಹಣ್ಣೊಂದನ್ನು ಅವನ ಹಾರ್ಡ್‌ಡಿಸ್ಕಿನ ಸುತ್ತ ಇಳಿಸಿ, ಕುಂಕುಮ ಹಚ್ಚಿ, “ಮೊಬೈಲ್ ಇದ್ದಲ್ಲೆಲ್ಲ ಕಾಯ್ತಾಳೆ. ನಾಳೆ ಏನಾದ್ರೂ ಆದ್ರೆ ನನ್ನ ಹತ್ರ ಬರಬ್ಯಾಡ” ಎಂದಳು. ತಜ್ಞನಿಗೆ ಆ ಮಾತಿನ ಎರಡನೆಯ ಭಾಗ ಕೇಳಿಸಲಿಲ್ಲ. ತಜ್ಞರಿಗೆ ಹಾಗಾಗುವುದುಂಟು.

ಎರಡು ತಿಂಗಳು ಬೆಳಕಿನ ಕೆಳಗೆ ಪುಟಗಳನ್ನು ಮಗುಚಿ ಹಾಕಿ, ಪ್ರತಿ ಪುಟದ ಹಿಂದೆ ಹಳದಿ ಬೋರ್ಡನ್ನು ತೆಳ್ಳಗೆ ಕೂರಿಸಿ, ಪೂರ್ಣೇಶ ವೆಬ್‌ಸೈಟು ತೆರೆದ. ಊರಿನ ವಾಟ್ಸಾಪ್ ಗುಂಪಿಗೆ ಲಿಂಕು ಹೋಯಿತು. ಎರಡು ದಿನ ಊರೇ ಮುಗಿಬಿದ್ದು ಡೌನ್‌ಲೋಡ್ ಮಾಡಿತು. ಬಿಟ್ಟಿ ಸಿಕ್ಕಿದ್ದನ್ನು ಇಳಿಸಿಟ್ಟುಕೊಳ್ಳುವುದಕ್ಕೂ ಓದುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿಲ್ಲ. ಮೂರನೆಯ ದಿನ ಭೂತಪ್ಪ ಬಂದ.

ಭೂತಪ್ಪ ಪೂರ್ಣೇಶನ ನೆರೆಮನೆಯವನು, ಹಿಂದೊಮ್ಮೆ ಪಂಚಾಯಿತಿ ಸದಸ್ಯನಾಗಿದ್ದವನು. ಆ ನೆನಪಿಗಾಗಿ ಇಂದಿಗೂ ಬಿಳಿ ಅಂಗಿಯನ್ನೇ ಹಾಕುತ್ತಾನೆ. ಬಂದವನು ಸುತ್ತಮುತ್ತ ನೋಡಿ, ಅಂಗಡಿಯ ಶಟರನ್ನು ಅರ್ಧ ಎಳೆದ.

“ಪೂರ್ಣೇಶ, ದನದ ಔಷಧಿ ಪುಸ್ತಕ ಒಬ್ರು ಇಳಿಸ್ಕಂಡಿದಾರೆ.”

“ಯಾರು?”

“ಯಾರೋ. ಅವ್ರ ಪಂಪ್‌ಸೆಟ್ ಸುಟ್ಟೋಯ್ತು.”

“ನಿಮ್ಮ ಪಂಪ್‌ಸೆಟ್ಟೂ ನಿನ್ನೆ ಸುಟ್ಟಿತಲ್ಲ ಭೂತಪ್ಪಣ್ಣ?”

“ಅದು ಬೇರೆ!” ಭೂತಪ್ಪ ಬೆವರು ಒರೆಸಿಕೊಂಡ. “ಅಕ್ಷರದ ಹಿಂದೆ ಏನೋ ಅರಿಶಿನದ ಹಂಗೆ ಕಾಣ್ತದಲ್ಲ ಅಂತ ಬೆರಳಲ್ಲಿ ದೊಡ್ಡದು ಮಾಡಿ ನೋಡಿದ್ರಂತೆ. ಚೌಡಮ್ಮನ ಬೋರ್ಡು! ಎಂತ ಮಾರಾಯ ನೀನು? ಹೇಳೋದಲ್ವಾ?”

ಸಂಜೆಯೊಳಗೆ ಸುದ್ದಿ ರಿಪ್ಪನ್‌ಪೇಟೆ ದಾಟಿತ್ತು. ಯಕ್ಷಗಾನ ಪ್ರಸಂಗ ಇಳಿಸಿಕೊಂಡ ಸುನಿಲನ ಲಾರಿ ಹುಲಿಕಲ್ ಘಾಟಿಯ ತಿರುವಿನಲ್ಲಿ ನಿಂತಿತು. ಉಪ್ಪಿನಕಾಯಿ ವಿಧಾನ ಇಳಿಸಿಕೊಂಡ ದುಗ್ಗಮ್ಮನ ಭರಣಿಗೆ ಬೂಷ್ಟು ಹಿಡಿಯಿತು. ಅಲ್ಲಿಂದ ಮುಂದೆ ಊರಿನಲ್ಲಿ ಯಾರಿಗೆ ಏನೇ ಆದರೂ ಅದಕ್ಕೆ ಒಂದೇ ಅರ್ಥ: ಇವರೂ ಇಳಿಸಿಕೊಂಡಿದ್ದಾರೆ. ಹಾಗಾಗಿ ಯಾರಿಗೂ ಏನೂ ಆಗುವುದು ನಿಂತುಹೋಯಿತು. ಕಾಲು ಉಳುಕಿದವರು ಕುಂಟದೆ ನಡೆದರು. ಜ್ವರ ಬಂದವರು ಸ್ವೆಟರ್ ಹಾಕದೆ ಪೇಟೆ ಸುತ್ತಿದರು. ಹಲ್ಲು ನೋವಿನಿಂದ ದವಡೆ ಊದಿಕೊಂಡವನೊಬ್ಬ, ಬಾಯಲ್ಲಿ ಎಲೆಅಡಿಕೆಯ ಕವಳ ಇದೆ ಎಂದು ಒಂದು ವಾರ ಸಾಧಿಸಿದ. ವೆಬ್‌ಸೈಟಿನ ಲೆಕ್ಕದಲ್ಲಿ ನೂರಾರು ಡೌನ್‌ಲೋಡು. ಊರಿನಲ್ಲಿ ವಿಚಾರಿಸಿದರೆ ಒಬ್ಬರೂ ಇಲ್ಲ. ಹೊಸದಾಗಿ ಆ ಲಿಂಕನ್ನು ಮುಟ್ಟುವ ಬೆರಳೂ ಇಲ್ಲ.

“ಆ ಬೋರ್ಡು ತೆಗೆದ್ರೆ ಆಯ್ತಪ್ಪ,” ಎಂದಳು ಪೂರ್ಣೇಶನ ಹೆಂಡತಿ ಸೌಜನ್ಯಾ. ಸಹಕಾರಿ ಸೊಸೈಟಿಯಲ್ಲಿ ಕೆಲಸ ಮಾಡುವ ಅವಳಿಗೆ ಎಲ್ಲವೂ ಅಷ್ಟೇ ಸರಳ.

“ಬರಲ್ಲ. ಪುಟಕ್ಕೂ ಬೋರ್ಡಿಗೂ ಬೆಸುಗೆ ಹಾಕಿದ ಹಾಗೆ ಒಂದೇ ಫೈಲ್ ಮಾಡಿದೀನಿ.”

“ಮತ್ತೆ ಫೋಟೋ ಹೊಡೀರಿ.”

“ಹೊಡೆದು, ಚೌಡಮ್ಮನ್ನ ಡಿಲೀಟ್ ಮಾಡು ಅಂತೀಯಾ? ಆ ಗುಂಡಿ ನೀನು ಒತ್ತುತೀಯಾ?”

ಸೌಜನ್ಯಾ ಒಲೆಯ ಮೇಲಿನ ಹಾಲಿನ ಕಡೆಗೆ ಹೋದಳು. ಅಲ್ಲಿಂದಲೇ ಕೇಳಿದಳು: “ಅಲ್ಲಾ ತಜ್ಞರೇ, ಎಲ್ಲಾ ತೆಗೆದವ್ರು ನೀವು. ನಿಮಗೆ ಮಾತ್ರ ಯಾಕೆ ಏನೂ ಆಗ್ಲಿಲ್ಲ?”

ಪೂರ್ಣೇಶ ತನ್ನ ಕೈಕಾಲು ಮುಟ್ಟಿ ನೋಡಿಕೊಂಡ. ಇದನ್ನು ಅವನು ಯೋಚಿಸಿರಲಿಲ್ಲ.

“ಆ ಕಾರ್ಡು ಮಾಡಿಸಿದ್ರಲ್ಲ,” ಎಂದು ಅವಳೇ ಉತ್ತರವನ್ನೂ ಕೊಟ್ಟಳು. “ಅದೇ ಆಗಿದ್ದು.”

ಮರುದಿನ ಪೇದೆ ಶಿವಮೂರ್ತಿ ಅಂಗಡಿಗೆ ಬಂದ. ದೇವಿಯ ಹೆಸರಲ್ಲಿ ಆನ್‌ಲೈನ್ ಬೆದರಿಕೆ ಎಂದು ಹೆಸರಿಲ್ಲದ ದೂರು ಬಂದಿತ್ತು. ಅಕ್ಷರ ನೋಡಿದರೆ ಭೂತಪ್ಪನದು. ಪೂರ್ಣೇಶ ಲ್ಯಾಪ್‌ಟಾಪು ತೆರೆದ. ಶಿವಮೂರ್ತಿ ಅದರ ಎದುರು ನಿಂತು, ಕೊಂಚ ಯೋಚಿಸಿ ಬೂಟು ಬಿಚ್ಚಿದ.

“ಫೈಲ್ ತೆಗೀರಿ.”

“ನೀವೇ ಒತ್ತಿ ಸಾರ್. ತನಿಖೆ ನಿಮ್ದು.”

“ದೂರು ಇರೋದು ನಿಮ್ಮ ಮೇಲೆ. ನೀವು ಒತ್ತಿ.”

“ನಾನು ಒತ್ತಿದ್ರೆ ಸಾಕ್ಷ್ಯ ತಿದ್ದಿದ್ರಿ ಅಂತೀರಿ.”

ಕಾನೂನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡಿತು. “ನೋಡಿ, ನನಗೆ ಇಂಥದ್ರಲ್ಲೆಲ್ಲ ನಂಬಿಕೆ ಇಲ್ಲ,” ಎಂದ ಶಿವಮೂರ್ತಿ, ದನಿ ತಗ್ಗಿಸಿ. “ಆದ್ರೆ ಮೊನ್ನೆ ತಾನೇ ಹೊಸ ಬೈಕ್ ತಗಂಡಿದೀನಿ.” ಕೊನೆಗೆ ‘ಸ್ಥಳಕ್ಕೆ ಭೇಟಿ ನೀಡಿ, ಹೊರಗಿನಿಂದ ಪರಿಶೀಲಿಸಲಾಗಿ, ಲ್ಯಾಪ್‌ಟಾಪ್ ಶಾಂತವಾಗಿರುತ್ತದೆ’ ಎಂದು ಬರೆದುಕೊಂಡು ಹೋದ.

ಇದಾದ ಮೇಲೆ ವಾಪಸಾತಿ ಶುರುವಾಯಿತು. ಭೂತಪ್ಪ ಸಾಗರಕ್ಕೆ ಹೋಗಿ, ಗುರುತಿಲ್ಲದ ಅಂಗಡಿಯೊಂದರಲ್ಲಿ ಅಷ್ಟೂ ಪುಟ ಪ್ರಿಂಟು ತೆಗೆಸಿ, ತೆಂಗಿನಕಾಯಿಯ ಜೊತೆ ಯಮುನಮ್ಮನ ಜಗಲಿಗೆ ತಂದ. ಸುನಿಲ ಪ್ರಿಂಟಿನ ಗೋಜಿಗೆ ಹೋಗದೆ ಫೋನನ್ನೇ ತಂದು ಬೋರ್ಡಿನ ಕೆಳಗಿಟ್ಟು ಕೈಮುಗಿದ. ಆಮೇಲೆ ಫೋನು ಬಂತೆಂದು ಎತ್ತಿಕೊಂಡು ಮಾತಾಡಿ ಮತ್ತೆ ಇಟ್ಟ.

“ಡಿಲೀಟ್ ಮಾಡಿದ್ರೆ ಆಯ್ತಲ್ಲ ಮಾರ್ರೆ!” ಎಂದ ಪೂರ್ಣೇಶ, ಅಳು ಬಂದವನಂತೆ.

“ಡಿಲೀಟ್ ಅಂದ್ರೆ ಸುಟ್ಟ ಹಾಗಲ್ವಾ?” ಎಂದ ಭೂತಪ್ಪ. “ಕದ್ದಿದ್ದು ಒಂದು ತಪ್ಪು. ಕದ್ದು ಸುಟ್ಟರೆ ಎರಡು.”

ತಜ್ಞ ಜಗಲಿಯಿಂದ ಇಳಿದ. ಓಡಿಹೋಗಿ ಹುಲಿಯಮ್ಮನ ಕಾಲಿಗೆ ಬಿದ್ದು, ಕಾವಲು ಬಿಚ್ಚಿಕೊಡು ಎಂದ. ಅವಳು ಅಡಿಕೆ ಕತ್ತರಿಸುತ್ತಲೇ ಇದ್ದಳು. “ಬೇಲಿ ಇದ್ದಿದ್ರೆ ಒಂದು ಮೂಲೆಯಿಂದ ಬಿಚ್ಕಂಡು ಬರ್ತಿದ್ದೆ. ಮೂಲೆನೇ ಇಲ್ದೆ ಎಲ್ಲಿಂದ ಬಿಚ್ಚಲಿ ತಮ್ಮ? ಅವತ್ತೇ ಹೇಳಿದ್ದೆ.”

ಚೈತ್ರಾ ಮೇಡಂ ಬರುವುದಕ್ಕೆ ಒಂದು ವಾರ ಉಳಿದಿತ್ತು. ಶಿವರಾಮ ಈ ಸಲ ಮಾಳಿಗೆಯ ಎತ್ತರವನ್ನೂ ಅಳೆದ.

ದಾರಿ ತೋರಿದ್ದು ಯಮುನಮ್ಮ. ಅದೂ ದಾರಿ ತೋರಬೇಕೆಂದೇನಲ್ಲ. ಜಗಲಿಯ ಮೇಲೆ ರಾಶಿ ಬಿದ್ದ ಪ್ರಿಂಟುಗಳು ಗಾಳಿಗೆ ಹಾರುತ್ತಿದ್ದವು. ಸಿಟ್ಟಿನಿಂದ ಒಂದೊಂದನ್ನೇ ಒಟ್ಟುಮಾಡುತ್ತಿದ್ದಾಗ ಭೂತಪ್ಪ, ತೆಂಗಿನಕಾಯಿ ಸ್ವೀಕಾರವಾಯಿತೋ ಇಲ್ಲವೋ ಎಂದು ವಿಚಾರಿಸಲು ಮತ್ತೆ ಬಂದ. ಅವನ ಪ್ರಿಂಟನ್ನು ಕೈಗೆತ್ತಿಕೊಂಡ ಯಮುನಮ್ಮ ಕೇಳಿಬಿಟ್ಟರು:

“ಎಂತ ಇತ್ತು ಅದ್ರಲ್ಲಿ?”

ಭೂತಪ್ಪನ ಮುಖ ಬಿಳಿಯಂಗಿಯ ಬಣ್ಣಕ್ಕೆ ತಿರುಗಿತು. ಅದು ಮುಕುಂದಯ್ಯನವರ ಪ್ರಶ್ನೆ. ಪುಸ್ತಕ ವಾಪಸು ತಂದವರನ್ನು ಅವರು ಕೇಳುತ್ತಿದ್ದದ್ದು ಇದೊಂದೇ. ಹೇಳಲು ಬಾರದವರಿಗೆ, ಓದಿ ಬಾ ಎಂದು ಪುಸ್ತಕವನ್ನು ತಿರುಗಿ ಕೊಟ್ಟು ಕಳಿಸುತ್ತಿದ್ದರು. ಊರಿನ ಅರ್ಧ ಜನ ಪುಸ್ತಕ ತಿರುಗಿ ಕೊಡದೆ ಉಳಿಸಿಕೊಂಡದ್ದು ಕಳ್ಳತನದಿಂದಲ್ಲ, ಈ ಪ್ರಶ್ನೆಯ ಹೆದರಿಕೆಯಿಂದ.

“ಓದಿಲ್ಲ ಅಮ್ಮ,” ಎಂದ ಭೂತಪ್ಪ.

“ಓದದೆ ಕೊಟ್ರೆ ಕೊಟ್ಟ ಹಾಗೆ ಹ್ಯಾಂಗಾಗ್ತದೆ? ಅವರಿದ್ದಾಗ್ಲೂ ಇದೇ ಹಾಡು ನಿಂದು. ಕೂತ್ಕ. ಓದು. ಹೇಳು. ಆಮೇಲೆ ಹೋಗು.”

ಭೂತಪ್ಪ ಮೆಟ್ಟಿಲ ಮೇಲೆ ಕೂತ. ಮೊದಲು ತುಟಿಯಲ್ಲಿ, ಆಮೇಲೆ ದನಿಯಲ್ಲಿ ಓದಿದ. ದನದ ಹೊಟ್ಟೆಯುಬ್ಬರಕ್ಕೆ ಏನು, ಕರು ಹಾಲು ಕುಡಿಯದಿದ್ದರೆ ಏನು ಎಂದು ಒಪ್ಪಿಸಿದ. ನಡುವೆ ಒಂದು ಕಡೆ ನಿಂತು, “ಅಯ್ಯೋ, ನಮ್ಮ ಕೌಲಿ ದನಕ್ಕೆ ಹೋದ ವರ್ಷ ಇದೇ ಆಗಿದ್ದು!” ಎಂದು ಕೂಗಿದ. ಮುಗಿಸಿದಾಗ ಅವನ ಹೆಂಡತಿಯ ಫೋನು ಬಂತು: ಪಂಪ್‌ಸೆಟ್ ರಿಪೇರಿಯಾಗಿ ನೀರು ಬರುತ್ತಿದೆ.

ಮೆಕ್ಯಾನಿಕ್ಕು ಬೆಳಗ್ಗೆಯೇ ಬರುತ್ತೇನೆಂದು ಹೇಳಿದ್ದ. ಆದರೆ ಅದು ಯಾರಿಗೆ ಬೇಕು? ಹುಲಿಯಮ್ಮನನ್ನು ಕೇಳಲಾಗಿ, “ಒಪ್ಪಿಸಿದ್ಮೇಲೆ ಸಾಲ ತೀರಿದ ಹಂಗೆ” ಎಂದು ಸಮ್ಮತಿ ಕೊಟ್ಟಳು. ಅಂದಿನಿಂದ ಯಮುನಮ್ಮನ ಮೆಟ್ಟಿಲು, ಜಗಲಿ, ಮಾಳಿಗೆ ಎಲ್ಲ ಕಡೆ ಜನ. ಕುಂಟದೆ ನಡೆಯುತ್ತಿದ್ದವರು ನಿರಾಳವಾಗಿ ಕುಂಟುತ್ತ ಬಂದರು. ಸುನಿಲ ಪ್ರಸಂಗದ ಪದ್ಯಗಳನ್ನು ಲಾರಿಯ ಹಾರನ್ನಿನ ದನಿಯಲ್ಲಿ ಒಪ್ಪಿಸಿದ. ದುಗ್ಗಮ್ಮ ಓದಿ ಮುಗಿಸಿ, “ಉಪ್ಪು ಹುರಿದು ಹಾಕ್ಬೇಕಂತೆ, ನಾನು ಹಸೀದೇ ಹಾಕಿದ್ದೆ. ಚೌಡಮ್ಮಂದೇನೂ ತಪ್ಪಿಲ್ಲ ಬಿಡಿ” ಎಂದು ದೇವಿಯನ್ನು ಆರೋಪಮುಕ್ತಗೊಳಿಸಿದಳು.

ಚೈತ್ರಾ ಮೇಡಂ ಬಂದ ದಿನ ಮೆಟ್ಟಿಲು ಹತ್ತಲು ಜಾಗವಿರಲಿಲ್ಲ. ಎಲ್ಲರ ಕೈಯಲ್ಲೂ ಕಾಗದ ಅಥವಾ ಫೋನು, ಎಲ್ಲರ ಬಾಯಲ್ಲೂ ಗುಣುಗುಣು. ಪೂರ್ಣೇಶ ಹೆಮ್ಮೆಯಿಂದ ಕೈ ಚಾಚಿ ತೋರಿಸಿದ. ಮೇಡಂ ಕನ್ನಡಕ ಸರಿಮಾಡಿಕೊಂಡು ಅವನನ್ನು ಪಕ್ಕಕ್ಕೆ ಕರೆದರು.

“ಇವ್ರನ್ನೆಲ್ಲ ಎಲ್ಲಿಂದ ಕರೆಸಿದ್ರಿ?”

“ಮೇಡಂ?”

“ರಾಜಕೀಯದವ್ರ ಸಭೆಗೆ ಟೆಂಪೋದಲ್ಲಿ ಜನ ತರ್ತಾರಲ್ಲ, ಹಾಗಾ? ಊಟ ಇದೆ ಅಂದಿದೀರಾ?”

“ಇಲ್ಲ ಮೇಡಂ, ತಾವಾಗೇ...”

“ಇಷ್ಟು ಜನ ತಾವಾಗೇ ಓದೋಕೆ ಬರ್ತಾರಾ? ನಾನು ಮೂವತ್ತು ವರ್ಷ ಲೈಬ್ರರಿಯಲ್ಲಿ ಕೆಲಸ ಮಾಡಿದೀನಿ ಪೂರ್ಣೇಶ್.”

ಅವರು ನೇರವಾಗಿ ಮೂಲೆಯಲ್ಲಿದ್ದ ಜಟ್ಟಿಂಗಪ್ಪನ ಬಳಿ ಹೋದರು. ಅವನು ತುಮರಿಯವನು. ಹಿನ್ನೀರಿಗೆ ಸೇತುವೆ ಆದದ್ದರಿಂದ ಲಾಂಚು ಕಾಯದೆ ಬೆಳಗಿನ ಬಸ್ಸಿಗೇ ಬಂದಿದ್ದ.

“ನಿಮ್ಮನ್ನ ಯಾರು ಕರ್ಕೊಂಡು ಬಂದ್ರು?”

“ಹೆದರಿಕೆ ಅಮ್ಮ,” ಎಂದ ಜಟ್ಟಿಂಗಪ್ಪ ಪ್ರಾಮಾಣಿಕವಾಗಿ.

ಮೇಡಂ ಪೂರ್ಣೇಶನ ಕಡೆ ತಿರುಗಿದರು. ಪೂರ್ಣೇಶ ಕಂಬದ ಕಡೆ ತಿರುಗಿದ. ಅಷ್ಟರಲ್ಲಿ ಯಮುನಮ್ಮ, “ನಿಂದು ಓದಿ ಆಯ್ತಾ? ಎಂತ ಇತ್ತು ಅದ್ರಲ್ಲಿ?” ಎಂದು ಕೇಳಿಯಾಗಿತ್ತು.

ಜಟ್ಟಿಂಗಪ್ಪ ಎದ್ದು ನಿಂತ. “ನಮ್ಮ ಮುಳುಗಿದ ಊರಿಂದು ಅಮ್ಮ. ಗದ್ದೆ ಹೆಸ್ರು, ಬಾವಿ ಹೆಸ್ರು ಬರ್ದಿದಾರೆ. ನಮ್ಮನೆ ಎದ್ರಿಂದು ‘ಸೊಸೆ ಬಾವಿ’ ಅಂತ ಅದೆ. ಯಾಕೆ ಹಂಗಂತಾರೆ ಅಂತ ಬರ್ದಿಲ್ಲ. ನಮ್ಮಜ್ಜಿ ಹೇಳ್ತಿತ್ತು, ಆ ಬಾವಿ ಕಡೆ ಅತ್ತೇರು ಯಾರೂ ಹೋಗ್ತಿರ್ಲಿಲ್ಲಂತೆ. ಸೊಸೇರು ಬಾಯಿಬಿಟ್ಟು ನಗೋಕೆ ಇದ್ದ ಜಾಗ ಅದೊಂದೇ ಅಂತೆ. ಅಯ್ಯೋರು ಕೇಳಿದ್ರೆ ಹೇಳ್ತಿದ್ದೆ. ಬರ್ಕಳಿ.”

 ಈಗ ಆ ಬಾವಿಯ ಮೇಲೆ ಎಷ್ಟು ನೀರು ನಿಂತಿದೆಯೋ, ಯಾರಿಗೆ ಗೊತ್ತು.

“ತಗಂಡಿದ್ದಕ್ಕಿಂತ ಜಾಸ್ತಿ ಕೊಟ್ಟೆ ನೀನು,” ಎಂದರು ಯಮುನಮ್ಮ. ಅವರ ಬಾಯಲ್ಲಿ ಮನುಷ್ಯರೊಬ್ಬರ ಬಗ್ಗೆ ಒಳ್ಳೆಯ ಮಾತು ಬಂದದ್ದು ಆ ವರ್ಷ ಅದೇ ಮೊದಲು.

ಮೇಡಂ ಬ್ಯಾಗು ತೆರೆದರು. “ಚೆನ್ನಾಗಿದೆ. ಆದ್ರೂ ಪ್ರತಿಷ್ಠಾನಕ್ಕೆ ವರದಿ ಅಂತ ಒಂದು ಬೇಕಲ್ಲ. ನಾನಂತೂ ಪೂರ್ತಿ ಸಂಗ್ರಹಾನ ಹೋದ ವಾರವೇ ಪೆನ್‌ಡ್ರೈವಿಗೆ ಇಳಿಸ್ಕೊಂಡಿದೀನಿ.”

ಗುಣುಗುಣು ನಿಂತಿತು. ಭೂತಪ್ಪ ಓದುತ್ತಿದ್ದ ಕಾಗದ ಕೆಳಗಿಟ್ಟ. ದುಗ್ಗಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಎಲ್ಲಾನೂ?” ಎಂದ ಸುನಿಲ, ಸಣ್ಣ ದನಿಯಲ್ಲಿ.

“ಎಲ್ಲಾನೂ.”

“ಎಂತ ಇತ್ತು ಅದ್ರಲ್ಲಿ?” ಎಂದರು ಯಮುನಮ್ಮ.

ಮೇಡಂ ಬಾಯಿ ತೆರೆದರು. ಅದೇ ಹೊತ್ತಿಗೆ ಅವರ ಡ್ರೈವರ್ ಮೆಟ್ಟಿಲ ಕೆಳಗಿನಿಂದ ಕೂಗಿದ: “ಮೇಡಂ, ಗಾಡಿ ಸ್ಟಾರ್ಟ್ ಆಗ್ತಿಲ್ಲ!”

  ಭೂತಪ್ಪ ಎದ್ದು, ತನ್ನ ಜಾಗವನ್ನು ಬಿಳಿ ಟವೆಲಿನಿಂದ ಒರೆಸಿ, ಮೇಡಂಗೆ ಬಿಟ್ಟುಕೊಟ್ಟ. ಮೂವತ್ತು ವರ್ಷ ಲೈಬ್ರರಿಯಲ್ಲಿ ಕೆಲಸ ಮಾಡಿದವರು ಮೆಲ್ಲಗೆ ಕೂತು, ಅತಿ ತೆಳುವಾದದ್ದು ಯಾವುದು ಎಂದು ಕೇಳಿದರು.

ಸ್ವಲ್ಪ ಹೊತ್ತಿನ ಮೇಲೆ, ಪುಟದಿಂದ ತಲೆಯೆತ್ತದೆ, “ಶಿವಮೊಗ್ಗಕ್ಕೆ ಸಾಗಿಸೋದು ಬೇಡ. ನಾನು ಒಪ್ಪಿಸಿ ಮುಗಿಸೋ ತನಕ ಎಲ್ಲಾ ಇಲ್ಲೇ ಇರ್ಲಿ” ಎಂದರು. ಅಲ್ಲಿದ್ದ ಕಟ್ಟುಗಳ ಎತ್ತರ ನೋಡಿದರೆ ಅದು ಅವರ ಆಯುಷ್ಯಕ್ಕೆ ಮೀರಿದ ಶರತ್ತು. ಶಿವರಾಮ ಟೇಪನ್ನು ಸುರುಳಿ ಸುತ್ತಿ ಜೇಬಿಗಿಳಿಸಿದ.

ಪೂರ್ಣೇಶನಿಗೆ ಮೈ ಹಗುರಾಯಿತು. ಗೆದ್ದವನ ಗತ್ತಿನಲ್ಲಿ ಜೇಬಿನಿಂದ ಕಾರ್ಡೊಂದನ್ನು ತೆಗೆದು ಜಟ್ಟಿಂಗಪ್ಪನಿಗೆ ಕೊಡಲು ಕೈ ಚಾಚಿದ.

“ಪೂರ್ಣೇಶ,” ಎಂದರು ಯಮುನಮ್ಮ.

“ಏನಮ್ಮ?”

“ನೀನೆಷ್ಟು ತಗಂಡಿದೀಯ?”

ಚಾಚಿದ ಕೈ ಅಲ್ಲೇ ನಿಂತಿತು. “ನಾನು... ನಾನು ತೆಗ್ದಿದ್ದೇ ಎಲ್ಲಾ ಅಲ್ವಾ ಅಮ್ಮ. ಅದು ಕೆಲಸ.”

“ಎಂತ ಇತ್ತು ಅದ್ರಲ್ಲಿ?”

ಎಲ್ಲರೂ ತಿರುಗಿ ನೋಡಿದರು. ಸೌಜನ್ಯಾ ಯಾವಾಗ ಬಂದಳೋ, ಮೆಟ್ಟಿಲ ಮೇಲೆ ಕೊಂಚ ಸರಿದು ಗಂಡನಿಗೆ ಜಾಗ ಮಾಡಿದಳು. “ಬನ್ನಿ ತಜ್ಞರೇ,” ಎಂದಳು. ಮನೆಯಲ್ಲಿ ಗ್ಯಾಸಿನ ಮೇಲೆ ಹಾಲಿತ್ತು ಎಂಬುದು ಪೂರ್ಣೇಶನಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಸ್ಕೂಟರು ಇಳಿಜಾರಿನಲ್ಲಿ ನಿಲ್ಲಿಸಿದ್ದೂ ನೆನಪಾಯಿತು. ಎಡಗಣ್ಣು ಹಾರತೊಡಗಿತು.

ಯಮುನಮ್ಮ ಕಪಾಟಿನ ಮೇಲಿನ ಸಾಲಿನಿಂದ ಮೊಟ್ಟಮೊದಲ ಕಟ್ಟನ್ನು ಇಳಿಸಿ ಅವನ ತೊಡೆಯ ಮೇಲಿಟ್ಟರು. ಅವನು ದಾರ ಬಿಚ್ಚಿ, ಮೊದಲ ಹಾಳೆ ಎತ್ತಿ, ಇಷ್ಟು ವರ್ಷದ ಅಭ್ಯಾಸದಂತೆ ಅದನ್ನು ತೊಡೆಯ ಮೇಲೆ ಕವುಚಿ ಹಾಕಿದ.

“ಮಗುಚು ಮಾರಾಯ,” ಎಂದರು ಯಮುನಮ್ಮ. “ಅಕ್ಷರ ಇರೋದು ಆ ಕಡೆ.”